ಚಂದ್ರನಿಗೆ ಹೋಗಿಬರಲು 50 ಸೆಂಟ್

ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ನಿಂತಿರುತ್ತದೆ. ನೀವು ಕಿಟಕಿಯ ಪಕ್ಕ ಕುಳಿತು ವಡೆ ತಿನ್ನುತ್ತಿರುತ್ತೀರಿ. ಇದ್ದಕ್ಕಿದ್ದಂತೆ ರೈಲು ಹೊರಟುಬಿಡುತ್ತದೆ. ನೀರು ತರಲು ಇಳಿದ ಮಗ ಇನ್ನೂ ಹತ್ತಿಲ್ಲವಲ್ಲ ಎಂದು ಎದೆ ಧಸಕ್ಕೆನ್ನುತ್ತದೆ. ಆಮೇಲೆ ನೋಡಿದರೆ ಹೊರಟಿದ್ದು ಪಕ್ಕದ ಹಳಿಯ ರೈಲು. ನಿಮ್ಮದು ನಿಂತಲ್ಲೇ ನಿಂತಿದೆ, ಮಗ ಪ್ಲಾಟ್‌ಫಾರಂ ಮೇಲೆ ಆರಾಮವಾಗಿ ಬಿಸ್ಕತ್ತು ಕೊಳ್ಳುತ್ತಿದ್ದಾನೆ. ಆ ಒಂದು ಗಳಿಗೆಯಲ್ಲಿ ಕಣ್ಣು ಒಂದು ಸುಳ್ಳು ಹೇಳಿತು, ಮೈ ಅದನ್ನು ನಂಬಿತು. ಆ ಗಳಿಗೆಯನ್ನು ಹತ್ತು ನಿಮಿಷಕ್ಕೆ ಎಳೆದು, ಅದಕ್ಕೆ ನಾಲ್ಕು ಗೋಡೆ ಕಟ್ಟಿ, ಬಾಗಿಲಲ್ಲಿ ನಿಂತು ಟಿಕೆಟ್ ಹರಿದವರ ಕಥೆಯನ್ನು ಇವತ್ತು ಹೇಳುತ್ತೇನೆ.

ನಿಮ್ಮಲ್ಲಿ ಅನೇಕರು ಬಿಡದಿ ಹತ್ತಿರದ ವಂಡರ್‌ಲಾಗೆ ಮಕ್ಕಳನ್ನೋ ಮೊಮ್ಮಕ್ಕಳನ್ನೋ ಕರೆದುಕೊಂಡು ಹೋಗಿರುತ್ತೀರಿ. ಕೆಲವರು ಮಗಳ ಮನೆಗೆಂದು ಅಮೆರಿಕಕ್ಕೆ ಹೋದಾಗ ಡಿಸ್ನಿ ಪಾರ್ಕುಗಳನ್ನೂ ನೋಡಿರಬಹುದು. ಕುರ್ಚಿ ಅಲುಗುತ್ತದೆ, ಎದುರಿಗೆ ಪರದೆ ಓಡುತ್ತದೆ, ಮುಖಕ್ಕೆ ಗಾಳಿ ಬಡಿಯುತ್ತದೆ. ನಾವು ಹೊರಗೆ ಬಂದು, ಕಂಪ್ಯೂಟರ್ ಕಾಲ ನೋಡಿ ಎನ್ನುತ್ತೇವೆ. ಮೂವತ್ತು ವರ್ಷ ಮೆಕ್ಯಾನಿಕ್ಸ್ ಪಾಠ ಮಾಡಿದವನಾಗಿ ನಾನು ಹೇಳುವುದಿಷ್ಟೆ: ಕಂಪ್ಯೂಟರ್ ಬಂದಿದ್ದು ಬಹಳ ತಡವಾಗಿ. ಅದು ಬರುವ ಹೊತ್ತಿಗೆ ಮರ, ಕ್ಯಾನ್ವಾಸ್, ಹಗ್ಗ, ಬಲ್ಬು ಇಷ್ಟರಲ್ಲೇ ಕೆಲಸ ಮುಗಿದಿತ್ತು.

ಮೊದಲಿಗೆ ಒಂದು ಉಯ್ಯಾಲೆ. 1894ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚಳಿಗಾಲದ ದೊಡ್ಡ ವಸ್ತುಪ್ರದರ್ಶನವೊಂದು ನಡೆಯಿತು. ಅಲ್ಲಿ ‘ದೆವ್ವದ ಉಯ್ಯಾಲೆ’ ಎಂಬ ಅರ್ಥದ ಹೆಸರಿನ ಒಂದು ಮನೆಯಿತ್ತು. ಒಳಗೆ ಹೋದರೆ ಸಾಧಾರಣ ಕೋಣೆ. ಗೋಡೆಗೆ ಚಿತ್ರಪಟ, ಗೂಟಕ್ಕೆ ಟೋಪಿ, ಮೇಜಿನ ಮೇಲೆ ಸೀಮೆಎಣ್ಣೆ ದೀಪ, ಮೂಲೆಯಲ್ಲಿ ಮಗುವನ್ನು ಕೂರಿಸಿ ತಳ್ಳುವ ಗಾಡಿ. ಕೋಣೆಯ ನಡುವೆ ಅಡ್ಡಲಾಗಿ ಒಂದು ದಪ್ಪ ಕಬ್ಬಿಣದ ತೊಲೆ, ಅದಕ್ಕೆ ನೇತುಹಾಕಿದ ಅಗಲವಾದ ಉಯ್ಯಾಲೆ. ಜನ ಸಾಲಾಗಿ ಕೂರುತ್ತಾರೆ. ಆಳೊಬ್ಬ ಒಂದು ಸಲ ತಳ್ಳಿ ಹೊರಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ಉಯ್ಯಾಲೆ ಜೀಕತೊಡಗುತ್ತದೆ. ಜೀಕು ಏರುತ್ತಾ ಏರುತ್ತಾ ಸೂರಿನ ಹತ್ತಿರ ಹೋಗುತ್ತದೆ. ಆಮೇಲೆ ತೊಲೆಯನ್ನೇ ಸುತ್ತುಹಾಕಿ ಜನರನ್ನೆಲ್ಲ ತಲೆಕೆಳಗು ಮಾಡಿ ಗಿರಕಿ ಹೊಡೆಯುತ್ತದೆ. ಹೆಂಗಸರು ಗಂಡಸರೆನ್ನದೆ ಎಲ್ಲರೂ ಕಂಬಿಯನ್ನು ಅವಚಿಕೊಂಡು ಕಿರುಚುತ್ತಾರೆ.

ಉಯ್ಯಾಲೆ ಅಲುಗಿಯೇ ಇಲ್ಲ. ಅಲುಗಿದ್ದರೂ ಗೇಣಿನಷ್ಟು. ತಿರುಗುತ್ತಿರುವುದು ಕೋಣೆ! ಇಡೀ ಕೋಣೆ ಆ ತೊಲೆಯ ಮೇಲೆ ಡಬ್ಬದ ಹಾಗೆ ಕೂತಿದೆ. ಹೊರಗೆ ಹೋದ ಆಳುಗಳು ಅದನ್ನು ತೂಗಿ ತೂಗಿ ಕೊನೆಗೆ ಪೂರ್ತಿ ಸುತ್ತಿಸುತ್ತಾರೆ. ಟೋಪಿ, ಮೇಜು, ಮಗುವಿನ ಗಾಡಿ ಎಲ್ಲಕ್ಕೂ ಮೊಳೆ ಹೊಡೆದಿದೆ. ನನಗೆ ಬಹಳ ಇಷ್ಟವಾದ ಸೂಕ್ಷ್ಮ ಆ ದೀಪದ್ದು. ತಲೆಕೆಳಗಾದ ಸೀಮೆಎಣ್ಣೆ ದೀಪ ಉರಿಯುವುದು ಹೇಗೆ? ಅದು ಸೀಮೆಎಣ್ಣೆ ದೀಪವೇ ಅಲ್ಲ. ಗಾಜಿನ ಚಿಮಣಿಯೊಳಗೆ ಮರೆಮಾಡಿದ ಪುಟ್ಟ ವಿದ್ಯುತ್ ಬಲ್ಬು. ಕೂತವನು ದೀಪ ನೋಡಿ, ಇದು ಮಾಮೂಲಿ ಮನೆ ಎಂದುಕೊಳ್ಳಲಿ ಎಂದು ಇಟ್ಟದ್ದು. ಸುಳ್ಳು ಹೇಳುವವನು ಮೊದಲು ನಾಲ್ಕು ನಿಜ ಹೇಳುತ್ತಾನಲ್ಲ, ಹಾಗೆ.

ಇದರ ಪೇಟೆಂಟು 1893ರಲ್ಲಿ ಅಮರಾಯ ಲೇಕ್ ಎಂಬಾತನ ಹೆಸರಿಗೆ ಆಗಿದೆ. ರಾಬರ್ಟ್ ವುಡ್ ಎಂಬ ಭೌತವಿಜ್ಞಾನಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಈ ಉಯ್ಯಾಲೆಯಲ್ಲಿ ಕೂತು ಬಂದು, 1895ರಲ್ಲಿ ಮನೋವಿಜ್ಞಾನದ ಪತ್ರಿಕೆಯೊಂದರಲ್ಲಿ ಅದರ ಬಗ್ಗೆ ಬರೆದ. ಒಳಗುಟ್ಟು ತಿಳಿದು ಕೂತರೂ ಮೈ ಮಾತ್ರ ಕೇಳುವುದಿಲ್ಲ. ನಮ್ಮ ಸಮತೋಲನದ ಅಂಗ ಇರುವುದು ಒಳಕಿವಿಯಲ್ಲಿ. ಅದು ‘ನಾವು ಕೂತೇ ಇದ್ದೇವೆ’ ಎನ್ನುತ್ತದೆ. ಕಣ್ಣು ‘ಇಲ್ಲ, ಬೀಳುತ್ತಿದ್ದೇವೆ’ ಎನ್ನುತ್ತದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದ ಹಾಗೆ ಇಲ್ಲಿ ಬಡವಾಗುವುದು ಹೊಟ್ಟೆ. ಇಳಿದವರಲ್ಲಿ ಹಲವರು ವಾಕರಿಸಿದರು. 1996ರಲ್ಲಿ ನೆದರ್ಲೆಂಡ್ಸಿನ ಎಫ್ಟೆಲಿಂಗ್ ಪಾರ್ಕಿನಲ್ಲಿ, 2000ದಲ್ಲಿ ಇಂಗ್ಲೆಂಡಿನ ಆಲ್ಟನ್ ಟವರ್ಸ್‌ನಲ್ಲಿ ಇದೇ ಕೋಣೆ ಮತ್ತೆ ತಿರುಗತೊಡಗಿತು. ಈಗ ಮೋಟಾರಿದೆ, ಆಸನಗಳೂ ಸ್ವಲ್ಪ ಓಲಾಡುತ್ತವೆ, ಸುತ್ತ ಒಂದು ಶಾಪದ ಕಥೆ ಹೆಣೆದಿದ್ದಾರೆ. ಒಳಗಿನ ಯುಕ್ತಿ ಅದೇ.

ನಮ್ಮ ಜಾತ್ರೆಯ ತೊಟ್ಟಿಲಿಗೂ ಇದಕ್ಕೂ ಇರುವ ವ್ಯತ್ಯಾಸ ಗಮನಿಸಿ. ತೊಟ್ಟಿಲು ಪ್ರಾಮಾಣಿಕ. ಮೇಲೆ ಹೋದೆ ಎನಿಸಿದರೆ ನಿಜವಾಗಿ ಮೇಲೆ ಹೋಗಿರುತ್ತೀರಿ, ಊರಿನ ಹೆಂಚುಗಳು ಕಾಣುತ್ತವೆ. 1893ರಲ್ಲಿ ಶಿಕಾಗೋದ ವಿಶ್ವಮೇಳದಲ್ಲಿ ಎಂಜಿನಿಯರ್ ಫೆರಿಸ್ ನಿಲ್ಲಿಸಿದ ಚಕ್ರವೂ ಪ್ರಾಮಾಣಿಕವೇ. 264 ಅಡಿ ಎತ್ತರ, 36 ಪೆಟ್ಟಿಗೆ, ಒಂದೊಂದರಲ್ಲಿ 60 ಜನ. ಅದನ್ನು ಮೆಚ್ಚುತ್ತೇನೆ, ಆದರೆ ಇವತ್ತಿನ ವಿಷಯ ಅದಲ್ಲ. ಆ ಮೇಳ ಕಟ್ಟಿದ ಬಡಗಿಗಳಲ್ಲಿ ಎಲಿಯಾಸ್ ಡಿಸ್ನಿ ಎಂಬುವನೊಬ್ಬನಿದ್ದ. ಅವನ ಮಗ ವಾಲ್ಟ್ ಹುಟ್ಟಿದ್ದು ಎಂಟು ವರ್ಷಗಳ ನಂತರ ಎಂಬುದನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇನೆ.

ರೋಲರ್ ಕೋಸ್ಟರ್ ಬಗ್ಗೆ ಹೇಳದಿದ್ದರೆ ನೀವು ಬಿಡುವುದಿಲ್ಲ. ಅದರ ಅಜ್ಜ ರಷ್ಯಾದ ಹಿಮದ ಜಾರುಬಂಡೆ. ಈಗಲೂ ಫ್ರೆಂಚರು ರೋಲರ್ ಕೋಸ್ಟರನ್ನು ‘ರಷ್ಯದ ಬೆಟ್ಟ’ ಎನ್ನುತ್ತಾರೆ, ರಷ್ಯನ್ನರು ‘ಅಮೆರಿಕದ ದಿಬ್ಬ’ ಎನ್ನುತ್ತಾರೆ. ಅಪ್ಪ ಯಾರೆಂದರೆ, ಪೆನ್ಸಿಲ್ವೇನಿಯಾದ ಮೌಕ್ ಚಂಕ್ ಎಂಬಲ್ಲಿದ್ದ ಕಲ್ಲಿದ್ದಲ ರೈಲು. 1827ರಲ್ಲಿ ಹಾಕಿದ ಹಳಿ. ಗಣಿ ಮೇಲೆ, ಕಾಲುವೆ ಕೆಳಗೆ. ಕಲ್ಲಿದ್ದಲ ಡಬ್ಬಿಗಳು ಇಳಿಜಾರಿನಲ್ಲಿ ತಾವೇ ಉರುಳಿ ಬರುತ್ತಿದ್ದವು. ಖಾಲಿ ಡಬ್ಬಿಗಳನ್ನು ಮೇಲಕ್ಕೆಳೆಯಲು ಹೇಸರಗತ್ತೆಗಳು. ಮೇಲೆ ಹೋದ ಗತ್ತೆಗಳು ಕೆಳಗೆ ಬರಬೇಕಲ್ಲ, ಅವಕ್ಕೂ ಒಂದು ಡಬ್ಬಿ. ಮೇವು ತಿನ್ನುತ್ತಾ ಜುಮ್ಮನೆ ಇಳಿದು ಬರುವುದು ಅಭ್ಯಾಸವಾದ ಮೇಲೆ ಅವು ನಡೆದು ಇಳಿಯಲು ಒಪ್ಪುತ್ತಲೇ ಇರಲಿಲ್ಲವಂತೆ. ಜಗತ್ತಿನ ಮೊದಲ ರೋಲರ್ ಕೋಸ್ಟರ್ ಅಭಿಮಾನಿಗಳು ಇವರೇ ಎಂದು ನಾನು ಕ್ಲಾಸಿನಲ್ಲಿ ಹೇಳುತ್ತಿದ್ದೆ. 1872ರ ನಂತರ ಕಲ್ಲಿದ್ದಲು ನಿಂತು, ಆ ಹಳಿಯ ಮೇಲೆ ಬರೀ ಪ್ರವಾಸಿಗಳು ಉರುಳತೊಡಗಿದರು. 1933ರವರೆಗೂ ಉರುಳಿದರು.

ಲಾಮಾರ್ಕಸ್ ಥಾಂಪ್ಸನ್ ಎಂಬ ಕಾಲುಚೀಲದ ವ್ಯಾಪಾರಿ, ಭಕ್ತ, ಭಾನುವಾರದ ಧರ್ಮಪಾಠ ಹೇಳುವವನು. ಜನ ಬಿಯರ್ ಅಂಗಡಿಯಲ್ಲಿ ಕೂರುವ ಬದಲು ಬಿಸಿಲು ಗಾಳಿಯಲ್ಲಿ ಸಂತೋಷಪಡಲಿ ಎಂಬುದು ಅವನ ಆಸೆ. 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡ್ ಸಮುದ್ರತೀರದಲ್ಲಿ ಅವನು ಮರದ ಅಟ್ಟಣಿಗೆಯ ಮೇಲೆ ಹಳಿ ಹಾಕಿದ. ಟಿಕೆಟ್ 5 ಸೆಂಟ್. ವೇಗ ಎಷ್ಟು ಗೊತ್ತೇ? ಗಂಟೆಗೆ ಸುಮಾರು 10 ಕಿಲೋಮೀಟರ್. ನಮ್ಮ ಸೈಕಲ್ ಅದಕ್ಕಿಂತ ಜೋರಾಗಿ ಹೋಗುತ್ತದೆ. ಜನ ಮುಂದಕ್ಕೆ ಮುಖ ಮಾಡಿಯೂ ಕೂರುತ್ತಿರಲಿಲ್ಲ; ಬೆಂಚು ಇದ್ದದ್ದು ಅಡ್ಡಕ್ಕೆ, ಸಮುದ್ರ ಕಾಣುವ ಹಾಗೆ. ಆ ಕಡೆಯ ಗೋಪುರ ತಲುಪಿದ ಮೇಲೆ ಇಳಿಯಬೇಕು, ಆಳುಗಳು ಗಾಡಿಯನ್ನು ಇನ್ನೊಂದು ಹಳಿಗೆ ಹೊರಳಿಸಬೇಕು, ಮತ್ತೆ ಹತ್ತಿ ವಾಪಸು ಬರಬೇಕು. ಇಷ್ಟಾದರೂ ಜನ ಮುಗಿಬಿದ್ದರು.

ಥಾಂಪ್ಸನ್ನನ ನಿಜವಾದ ಜಾಣತನ ಕಾಣುವುದು ಮೂರು ವರ್ಷದ ನಂತರ. 1887ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಅವನು ಹಳಿಯನ್ನು ಸುರಂಗದೊಳಗೆ ನುಗ್ಗಿಸಿ, ಅದಕ್ಕೆ ‘ಸೀನಿಕ್ ರೈಲ್ವೆ’, ಅಂದರೆ ದೃಶ್ಯಗಳ ರೈಲು, ಎಂದು ಹೆಸರಿಟ್ಟ. ಒಳಗೆ ಕಗ್ಗತ್ತಲು. ಗಾಡಿ ಒಂದು ಜಾಗಕ್ಕೆ ಬಂದಾಗ ಅದರ ತೂಕವೇ ಸ್ವಿಚ್ಚನ್ನು ಒತ್ತುತ್ತದೆ, ದೀಪ ಹೊತ್ತಿಕೊಂಡು ಗೋಡೆಯಲ್ಲಿ ಬಣ್ಣದ ದೃಶ್ಯ ಮೂಡುತ್ತದೆ, ಗಾಡಿ ದಾಟಿದೊಡನೆ ಆರುತ್ತದೆ. ವೇಗವನ್ನು ಮಾರುತ್ತಿದ್ದವನು ಈಗ ಊರು ಬಿಟ್ಟು ಊರಿಗೆ ಹೋದ ಅನುಭವವನ್ನು ಮಾರತೊಡಗಿದ. 1959ರಲ್ಲಿ ಡಿಸ್ನಿಲ್ಯಾಂಡಿನವರು ಉಕ್ಕಿನ ಕೊಳವೆಯ ಹಳಿ ಹಾಕಿ ಅದರ ಸುತ್ತ ಮ್ಯಾಟರ್‌ಹಾರ್ನ್ ಪರ್ವತವನ್ನೇ ಕಟ್ಟಿದರಲ್ಲ, ಆ ಪರ್ವತದ ಬೇರು ಈ ಸುರಂಗದಲ್ಲಿದೆ.

ಇಲ್ಲಿ ಒಂದು ಸಣ್ಣ ಅಡ್ಡಮಾತು, ಪಾಠದ ಚಟ. 1895ರಲ್ಲಿ ಕೋನಿ ಐಲೆಂಡಿನ ಸೀ ಲಯನ್ ಪಾರ್ಕಿನಲ್ಲಿ ಗಾಡಿಯನ್ನು ತಲೆಕೆಳಗು ಸುತ್ತಿಸುವ ಹಳಿಯೊಂದು ಬಂತು. ಅದರ ಸುತ್ತು ಪೂರ್ತಿ ವೃತ್ತ, ಬಳೆಯ ಹಾಗೆ. ವೃತ್ತದ ನೆತ್ತಿಯಲ್ಲಿ ಗಾಡಿ ಕಳಚಿ ಬೀಳದಷ್ಟು ವೇಗವಿರಬೇಕಾದರೆ, ವೃತ್ತದ ತಳದಲ್ಲಿ ನಿಮ್ಮ ತೂಕ ಕನಿಷ್ಠ 6 ಪಟ್ಟಾಗಲೇಬೇಕು. ನಮ್ಮ ಹುಡುಗರು ಮೊದಲ ವರ್ಷದಲ್ಲೇ ಮಾಡುವ ಲೆಕ್ಕ. ಆ ಭಾರ ಕತ್ತಿನ ಮೇಲೆ ಒಮ್ಮೆಗೇ ಬಡಿಯುತ್ತದೆ. ಹತ್ತಿದವರು ಕತ್ತು ಹಿಡಿದುಕೊಂಡು ಇಳಿದರು. 1901ರಲ್ಲಿ ಇನ್ನೊಬ್ಬ ಅದನ್ನು ಮೊಟ್ಟೆಯಾಕಾರಕ್ಕೆ ತಿದ್ದಿದ. ಕತ್ತು ಉಳಿಯಿತು, ಆದರೆ ಹತ್ತುವವರಿಗಿಂತ ಕೆಳಗೆ ನಿಂತು ನೋಡುವವರೇ ಜಾಸ್ತಿಯಾದರು. ಕೊನೆಗೆ ಸುತ್ತು ಸರಿಯಾಗಿ ಕೂತಿದ್ದು 1976ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ, ಜರ್ಮನಿಯ ಆಂಟನ್ ಶ್ವಾರ್ಟ್ಸ್‌ಕಾಫ್ ಕಟ್ಟಿದ ಹಳಿಯಲ್ಲಿ. ಅದರ ಆಕಾರ ನೀರಿನ ಹನಿಯದು. ತಳದಲ್ಲಿ ಬಾಗು ಕಡಿಮೆ, ಮೇಲೆ ಹೋದಂತೆ ಹೆಚ್ಚು. ರೈಲ್ವೆಯವರು ನೇರ ಹಳಿಯನ್ನು ತಿರುವಿಗೆ ಸೇರಿಸಲು ಬಳಸುವ ರೇಖೆಯ ನಂಟೇ ಅದು.

ಮತ್ತೆ ಸುಳ್ಳಿಗೆ ಬರೋಣ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಮೂರು ರೈಲು ಬೋಗಿಗಳು ನಿಂತಿದ್ದವು. ಮಾಸ್ಕೋದಿಂದ ಸೈಬೀರಿಯಾ ದಾಟಿ ಪೀಕಿಂಗಿಗೆ ಹೋಗುವ ರೈಲಿನ ಪ್ರಚಾರಕ್ಕೆಂದು ನಿಲ್ಲಿಸಿದವು. ನಿಜವಾದ ಪ್ರಯಾಣಕ್ಕೆ ಎರಡು ವಾರ, ಇಲ್ಲಿ ಮುಕ್ಕಾಲು ಗಂಟೆ. ಬೋಗಿ ಒಂದಿಂಚೂ ಕದಲುವುದಿಲ್ಲ. ಕಿಟಕಿಯ ಹೊರಗೆ ನಾಲ್ಕು ಪದರಗಳು ಓಡುತ್ತವೆ. ಕಿಟಕಿಗೆ ತೀರಾ ಹತ್ತಿರ ಒಂದು ಪಟ್ಟಿ, ಅದಕ್ಕೆ ಮರಳು ಕಲ್ಲು ಅಂಟಿಸಿದೆ, ನಿಮಿಷಕ್ಕೆ 300 ಮೀಟರ್ ಓಡುತ್ತದೆ. ಅದರ ಹಿಂದೆ ಪೊದೆಗಳು, ನಿಮಿಷಕ್ಕೆ 120 ಮೀಟರ್. ಅದರಾಚೆಯ ನೋಟ 40 ಮೀಟರ್. ಕೊನೆಯಲ್ಲಿ ದೂರದ ಬೆಟ್ಟ, ಊರುಗಳ ಚಿತ್ರವಿರುವ ಕ್ಯಾನ್ವಾಸ್, ನಿಮಿಷಕ್ಕೆ ಬರೀ 5 ಮೀಟರ್.

ಬೆಂಗಳೂರಿನಿಂದ ತುಮಕೂರಿಗೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ನೋಡಿ. ರಸ್ತೆಬದಿಯ ಕಂಬಗಳು ಹಾರಿಹೋಗುತ್ತವೆ, ತೆಂಗಿನತೋಟ ನಿಧಾನಕ್ಕೆ ಸರಿಯುತ್ತದೆ, ಶಿವಗಂಗೆ ಬೆಟ್ಟ ಮಾತ್ರ ಬಹಳ ಹೊತ್ತು ನಮ್ಮ ಜೊತೆಗೇ ಬರುತ್ತದೆ. ದೂರವನ್ನು ನಮಗೆ ತಿಳಿಸುವುದು ಈ ವೇಗಗಳ ಅಂತರ. ಪ್ಯಾರಿಸ್ಸಿನವರು ಅದನ್ನು ನಾಲ್ಕು ಪಟ್ಟಿಗಳಲ್ಲಿ ಹಿಡಿದಿಟ್ಟರು. ಮಕ್ಕಳ ವಿಡಿಯೊ ಗೇಮುಗಳಲ್ಲಿ ಹಿನ್ನೆಲೆ ಸರಿಯುವುದೂ ಇದೇ ಲೆಕ್ಕದಲ್ಲಿ.

ಅದೇ ಪ್ರದರ್ಶನದಲ್ಲಿ ಹ್ಯೂಗೋ ದಲೇಸಿ ಎಂಬ ಭಿತ್ತಿಪತ್ರ ಕಲಾವಿದ ಹಡಗನ್ನೇ ತಂದಿದ್ದ. ಹಡಗಿನ ಅಟ್ಟದಷ್ಟು ದೊಡ್ಡ ವೇದಿಕೆ, ಅದನ್ನು ಯಂತ್ರಗಳು ಅಲೆಯ ಮೇಲಿದ್ದಂತೆ ಓಲಾಡಿಸುತ್ತವೆ. ಎರಡೂ ಬದಿಗೆ 750 ಮೀಟರ್ ಉದ್ದದ ಒಂದೊಂದು ಚಿತ್ರದ ಸುರುಳಿ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ನೇಪಲ್ಸ್, ವೆನಿಸ್, ಕೊನೆಗೆ ಕಾನ್‌ಸ್ಟಾಂಟಿನೋಪಲ್. ದೀಪಗಳಿಂದಲೇ ಸೂರ್ಯ ಮುಳುಗುತ್ತಾನೆ, ಬಿರುಗಾಳಿ ಬರುತ್ತದೆ, ನಾವಿಕರ ವೇಷದ ನಟರು ಓಡಾಡುತ್ತಾರೆ. ಫ್ಯಾನಿನ ಗಾಳಿಯನ್ನು ಕಡಲಪಾಚಿಯ ಮೂಲಕ ಹಾಯಿಸುತ್ತಿದ್ದರಂತೆ, ಉಪ್ಪುಗಾಳಿಯ ವಾಸನೆ ಬರಲಿ ಎಂದು. ಇವತ್ತು ಮಾಲ್‌ಗಳಲ್ಲಿ ಇಷ್ಟನ್ನೇ ಮಾಡಿ ಅದಕ್ಕೆ ನಾಲ್ಕನೇ ಆಯಾಮ ಎಂದು ಬೋರ್ಡು ಹಾಕುತ್ತಾರೆ.

ಈಗ ಚಂದ್ರ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ನನ್ನ ಮಟ್ಟಿಗೆ ಇವತ್ತಿನ ಥೀಮ್ ಪಾರ್ಕ್ ಹುಟ್ಟಿದ್ದು ಇಲ್ಲೇ. 1901, ಅಮೆರಿಕದ ಬಫಲೋ ನಗರದ ವಸ್ತುಪ್ರದರ್ಶನ. ಫ್ರೆಡರಿಕ್ ಥಾಂಪ್ಸನ್ ಎಂಬ ತರುಣ ‘ಚಂದ್ರಯಾತ್ರೆ’ ಎಂದು ಬೋರ್ಡು ಹಾಕಿದ. ಇವನು ಬೇರೆ ಥಾಂಪ್ಸನ್, ಕಾಲುಚೀಲದವನಲ್ಲ. ಬೇರೆ ಆಟಗಳಿಗೆ 25 ಸೆಂಟ್ ಇದ್ದಾಗ ಇವನದು 50 ಸೆಂಟ್. ಕೊಟ್ಟು ಒಳಗೆ ಹೋದ ಕೂಡಲೇ ಆಟ ಶುರುವಾಗುವುದಿಲ್ಲ. ಮೊದಲು ಒಂದು ಕತ್ತಲೆಯ ಕೊಠಡಿಯಲ್ಲಿ ನಿಲ್ಲಿಸುತ್ತಾರೆ. ಮಾರ್ಗದರ್ಶಿಯೊಬ್ಬ ಗಂಭೀರವಾಗಿ, ಗುರುತ್ವವನ್ನು ಹೇಗೆ ಗೆದ್ದೆವು, ಪ್ರಯಾಣ ಎಷ್ಟು ಸುರಕ್ಷಿತ ಎಂದೆಲ್ಲ ಭಾಷಣ ಮಾಡುತ್ತಾನೆ. ಇವತ್ತು ಯಾವ ದೊಡ್ಡ ಪಾರ್ಕಿಗೆ ಹೋದರೂ ಆಟಕ್ಕೆ ಮುಂಚೆ ಒಂದು ಕೋಣೆಯಲ್ಲಿ ನಿಲ್ಲಿಸಿ ಕಥೆಯ ಹಿನ್ನೆಲೆ ಹೇಳುತ್ತಾರೆ. ನಾಟಕಕ್ಕೆ ಮುಂಚೆ ನಾಂದಿ ಇರುವ ಹಾಗೆ. ಯಕ್ಷಗಾನ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ‘ಲೂನಾ’ ಎಂಬ ಹಡಗು. ಹಸಿರು ಬಿಳಿ ಬಣ್ಣ, ದೊಡ್ಡ ಬಾವಲಿಯಂಥ ರೆಕ್ಕೆಗಳು, 30 ಜನಕ್ಕೆ ಜಾಗ. ಗಂಟೆ ಬಾರಿಸುತ್ತದೆ, ರೆಕ್ಕೆ ಬಡಿಯುತ್ತವೆ, ಹಡಗು ತೂಗುತ್ತದೆ, ಗಾಳಿ ಬೀಸುತ್ತದೆ. ಬಗ್ಗಿ ನೋಡಿದರೆ ಕೆಳಗೆ ಪ್ರದರ್ಶನದ ದೀಪಗಳು, ಆಮೇಲೆ ನಯಾಗರಾ ಜಲಪಾತ, ಆಮೇಲೆ ಚಿಕ್ಕದಾಗುತ್ತಾ ಹೋಗುವ ಭೂಮಿ. ನಡುವೆ ಗುಡುಗು ಮಿಂಚಿನ ಬಿರುಗಾಳಿ. ಹಡಗು ಇಳಿಯುತ್ತದೆ. ಅಲ್ಲಿ ಒಂದು ವ್ಯತ್ಯಾಸವಿತ್ತು. ಪ್ಯಾರಿಸ್ಸಿನ ರೈಲಿನಿಂದ ಇಳಿದರೆ ಪ್ಯಾರಿಸ್ಸಿಗೇ ಇಳಿಯುತ್ತಿದ್ದಿರಿ. ಇಲ್ಲಿ ಇಳಿಯುತ್ತಿದ್ದದ್ದು ಚಂದ್ರನ ಮೇಲೆ. ಗುಹೆಗಳ ದಾರಿಯಲ್ಲಿ ನಡೆದುಹೋಗಬೇಕು, ಬೆನ್ನ ಮೇಲೆ ಮುಳ್ಳಿನ ಸಾಲಿರುವ ಗಿಡ್ಡ ಚಂದ್ರವಾಸಿಗಳು ಎದುರಾಗುತ್ತಾರೆ, ಚಂದ್ರರಾಜನ ಅರಮನೆಯಲ್ಲಿ ಕುಣಿತ ನಡೆಯುತ್ತದೆ, ತಿನ್ನಲು ಹಸಿರು ಚೀಸಿನ ಚೂರು ಕೊಡುತ್ತಾರೆ. ಚಂದ್ರ ಹಸಿರು ಚೀಸಿನಿಂದಾಗಿದ್ದಾನೆ ಎಂಬುದು ಅವರ ಅಜ್ಜಿಕಥೆ, ನಮ್ಮಲ್ಲಿ ಮೊಲ ಇರುವ ಹಾಗೆ. ದಾರಿಯಲ್ಲಿ ನೆನಪಿನ ಸಾಮಾನು ಮಾರುವ ಅಂಗಡಿಗಳೂ ಇದ್ದವು. ಆ ವಿಷಯದಲ್ಲಿ 125 ವರ್ಷಗಳಲ್ಲಿ ಏನೇನೂ ಬದಲಾಗಿಲ್ಲ.

ಆ ಒಂದು ಪ್ರದರ್ಶನದಲ್ಲೇ 4 ಲಕ್ಷಕ್ಕೂ ಹೆಚ್ಚು ಜನ ಚಂದ್ರನಿಗೆ ಹೋಗಿಬಂದರು. 1902ರಲ್ಲಿ ಲೂನಾ ಕೋನಿ ಐಲೆಂಡಿಗೆ ಬಂತು. 1903ರ ಮೇ ತಿಂಗಳಲ್ಲಿ ಥಾಂಪ್ಸನ್ ಮತ್ತು ಅವನ ಪಾಲುದಾರ ಡಂಡಿ ಸೇರಿ ಅಲ್ಲೇ ‘ಲೂನಾ ಪಾರ್ಕ್’ ತೆರೆದರು. 2,50,000 ವಿದ್ಯುತ್ ದೀಪಗಳು. ಮನೆಗಳಲ್ಲಿ ವಿದ್ಯುತ್ತೇ ಇಲ್ಲದ ಕಾಲ, ಸಂಜೆ ದೀಪ ಹತ್ತುವುದನ್ನು ನೋಡುವುದೇ ಒಂದು ಆಟವಾಗಿತ್ತು. ಮರುವರ್ಷ ಅಲ್ಲಿ ದೆಹಲಿಯ ದರ್ಬಾರನ್ನೂ ಕಟ್ಟಿದರು, ಆನೆಗಳ ಮೆರವಣಿಗೆ ಸಮೇತ. ಅಂದರೆ ಅಮೆರಿಕನ್ನರಿಗೆ ಚಂದ್ರನೂ ನಾವೂ ಸರಿಸುಮಾರು ಒಂದೇ ದೂರದಲ್ಲಿದ್ದೆವು. ಆನೆ ಎಂದಾಗ ನೆನಪಾಯಿತು: ಆ ಪಾರ್ಕ್ ತೆರೆಯುವ ಕೆಲವು ತಿಂಗಳ ಮೊದಲು, ಅಲ್ಲೇ ಟಾಪ್ಸಿ ಎಂಬ ಏಷ್ಯಾದ ಆನೆಯನ್ನು ಪುಂಡಾನೆಯೆಂದು ವಿದ್ಯುತ್ ಹಾಯಿಸಿ ಕೊಂದರು. ಅದರ ಚಲನಚಿತ್ರವೂ ಉಳಿದಿದೆ. ನಾನು ಒಮ್ಮೆ ನೋಡಿದ್ದೇನೆ, ಮತ್ತೊಮ್ಮೆ ನೋಡುವುದಿಲ್ಲ.

ಚಲನಚಿತ್ರ ಬಂದ ಮೇಲೆ ಕ್ಯಾನ್ವಾಸ್ ಸುರುಳಿಯ ಕೆಲಸವನ್ನು ರೀಲು ವಹಿಸಿಕೊಂಡಿತು. ಕಾನ್ಸಸ್ ಸಿಟಿಯ ಅಗ್ನಿಶಾಮಕ ದಳದ ಮುಖ್ಯಸ್ಥನಾಗಿದ್ದ ಜಾರ್ಜ್ ಹೇಲ್ 1905ರ ಹೊತ್ತಿಗೆ ಒಂದು ರೈಲು ಬೋಗಿಯನ್ನೇ ಚಿತ್ರಮಂದಿರ ಮಾಡಿದ. ರೈಲಿನ ಮೂತಿಯ ಮೇಲೆ ಕ್ಯಾಮೆರಾ ಇಟ್ಟು ತೆಗೆದ ಚಿತ್ರ ಬೋಗಿಯ ಮುಂದಿನ ಪರದೆಯ ಮೇಲೆ ಓಡುತ್ತದೆ, ಕೆಳಗಿನಿಂದ ಬೋಗಿ ಕುಲುಕುತ್ತದೆ, ಹಳಿಯ ಕಟಕಟ ಸದ್ದು, ಸಿಳ್ಳು, ಗಾಳಿ. ಸಮವಸ್ತ್ರದ ಕಂಡಕ್ಟರ್ ಬಂದು 10 ಸೆಂಟಿನ ಟಿಕೆಟ್ ತೂತು ಮಾಡುತ್ತಾನೆ. ನ್ಯೂಯಾರ್ಕಿನಲ್ಲಿ ಇಂಥ ಬೋಗಿಯೊಂದನ್ನು ನಡೆಸಿದ ಅಡಾಲ್ಫ್ ಝುಕರ್ ಮುಂದೆ ಪ್ಯಾರಾಮೌಂಟ್ ಕಂಪನಿ ಕಟ್ಟಿದ. 1987ರಲ್ಲಿ ಡಿಸ್ನಿಲ್ಯಾಂಡ್, ಪೈಲಟ್‌ಗಳ ತರಬೇತಿಗೆ ಬಳಸುವ ಅಲುಗುವ ಪೆಟ್ಟಿಗೆಯೊಳಗೆ ಜನರನ್ನು ಕೂರಿಸಿ ಅಂತರಿಕ್ಷಕ್ಕೆ ಕಳಿಸಿತಲ್ಲ, ಅದು ಹೇಲ್‌ನ ಬೋಗಿಯ ಮೊಮ್ಮಗ. ಇಂಗ್ಲೆಂಡಿನ ರಾಬರ್ಟ್ ಪಾಲ್ ಎಂಬಾತ 1895ರಲ್ಲೇ, ಕಾಲದಲ್ಲಿ ಹಿಂದೆ ಮುಂದೆ ಕರೆದೊಯ್ಯುವ ಇಂಥ ಯಂತ್ರಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದ. ಕಟ್ಟಲಿಲ್ಲ.

ಕತ್ತಲಲ್ಲಿ ಗಾಡಿಯಲ್ಲಿ ಕೂತು ಭೂತಗಳನ್ನು ನೋಡುತ್ತಾ ಹೋಗುವ ಆಟ ಹುಟ್ಟಿದ್ದು ಬಡತನದಿಂದ. ಅದಕ್ಕೂ ಮುಂಚೆ ಕತ್ತಲ ಕಾಲುವೆಯಲ್ಲಿ ದೋಣಿ ತೇಲಿಸುವ ಆಟಗಳಿದ್ದವು. ನ್ಯೂಜೆರ್ಸಿಯ ಸಣ್ಣ ಪಾರ್ಕೊಂದರ ಒಡೆಯ ಲಿಯಾನ್ ಕ್ಯಾಸಿಡಿಗೆ ಕಾಲುವೆ ತೋಡಿಸುವಷ್ಟು ಹಣವಿರಲಿಲ್ಲ. 1928ರ ಸುಮಾರಿಗೆ ಅವನು ಒಂದು ಶೆಡ್ಡಿನೊಳಗೆ ಒಂದೇ ಕಂಬಿಯ ಹಳಿಯನ್ನು ಅಂಕುಡೊಂಕಾಗಿ ಹಾಕಿ ಪುಟ್ಟ ವಿದ್ಯುತ್ ಗಾಡಿ ಬಿಟ್ಟ. ಇಳಿದ ಗಿರಾಕಿಯೊಬ್ಬ, ನನ್ನನ್ನು ಪ್ರೆಟ್ಜೆಲ್ ಥರ ತಿರುಚಿಹಾಕಿತು ಎಂದನಂತೆ. ಪ್ರೆಟ್ಜೆಲ್ ಎಂದರೆ ಗಂಟು ಹಾಕಿದಂತಿರುವ ಒಂದು ತಿನಿಸು. ನಮ್ಮವನಾಗಿದ್ದರೆ ಚಕ್ಕುಲಿ ಎನ್ನುತ್ತಿದ್ದ. ಕ್ಯಾಸಿಡಿ ಕಂಪನಿಗೆ ಅದೇ ಹೆಸರಿಟ್ಟ. 1955ರಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಅಲ್ಲಿದ್ದ ಕಥೆಯ ಕತ್ತಲಗಾಡಿಗಳು ಈ ಚಕ್ಕುಲಿಯ ಸಂತಾನ.

ಇವೆಲ್ಲ ಎಲ್ಲಿ ಹೋದವು ಎಂದು ಕೇಳುತ್ತೀರಿ. ಹೆಚ್ಚಿನವು ಸುಟ್ಟುಹೋದವು. ಮರ, ಬಟ್ಟೆ, ನಾರು ಬೆರೆಸಿದ ಗಾರೆ, ಮೇಲೆ ಲಕ್ಷಗಟ್ಟಲೆ ಬಲ್ಬು. ಕೋನಿ ಐಲೆಂಡಿನ ಡ್ರೀಮ್‌ಲ್ಯಾಂಡಿನಲ್ಲಿ ‘ನರಕದ ಬಾಗಿಲು’ ಎಂಬ ದೋಣಿ ಆಟವಿತ್ತು. 1911ರ ಮೇ ತಿಂಗಳಲ್ಲಿ, ಆ ವರ್ಷದ ಆಟ ಶುರುವಾಗುವ ಮುಂಚಿನ ರಾತ್ರಿ, ಅಲ್ಲಿ ರಿಪೇರಿ ನಡೆಯುತ್ತಿದ್ದಾಗ ದೀಪಗಳು ಆರಿದವು, ಕತ್ತಲಲ್ಲಿ ಕುದಿಯುವ ಡಾಂಬರಿನ ಬಕೆಟ್ ಉರುಳಿತು. ಬೆಳಗಾಗುವುದರೊಳಗೆ ಪಾರ್ಕ್ ಬೂದಿ. ನರಕದಿಂದಲೇ ಬೆಂಕಿ ಹೊತ್ತಿತು ಎಂದು ಬರೆಯುವ ಅವಕಾಶ ಪತ್ರಕರ್ತರಿಗೆ ದಿನಾ ಸಿಗುವುದಿಲ್ಲ. ಪಕ್ಕದ ಸ್ಟೀಪಲ್‌ಚೇಸ್ ಪಾರ್ಕ್ 1907ರಲ್ಲೇ ಸುಟ್ಟಿತ್ತು. ಅದರ ಒಡೆಯ ಟಿಲ್ಯೂ ಮರುದಿನವೇ, ಸುಟ್ಟ ಅವಶೇಷ ನೋಡಲು 10 ಸೆಂಟ್ ಎಂದು ಬೋರ್ಡು ನೆಟ್ಟ. ಅವನ ಮೇಲೆ ನನಗೆ ಕೋಪ ಬರುವುದಿಲ್ಲ.

ಒಂದು ಉಳಿದಿದೆ. ಮೆಲ್ಬರ್ನ್ ನಗರದ ಲೂನಾ ಪಾರ್ಕಿನಲ್ಲಿ 1912ರಲ್ಲಿ ಕಟ್ಟಿದ ಮರದ ‘ಸೀನಿಕ್ ರೈಲ್ವೆ’. ಹೆಸರು ಎರಡೂ ನಿಮಗೆ ಈಗ ಪರಿಚಿತ: ಒಂದು ಚಂದ್ರಯಾತ್ರೆಯವನದು, ಒಂದು ಕಾಲುಚೀಲದವನದು. ಮಗಳ ಮನೆಗೆ ಹೋದಾಗ ನಾನೂ ನನ್ನ ಹೆಂಡತಿಯೂ ಅದನ್ನು ಹತ್ತಿದೆವು. ದೊಡ್ಡ ಬಾಯಿ ತೆರೆದ ಮುಖವೊಂದರ ಹಲ್ಲುಗಳ ಕೆಳಗಿಂದ ಪಾರ್ಕಿನೊಳಗೆ ಹೋಗಬೇಕು. ಗಾಡಿಯ ನಡುವೆ ಬ್ರೇಕ್ ಹಾಕುವವನೊಬ್ಬ ನಿಂತೇ ಇರುತ್ತಾನೆ, ಕೈಯಲ್ಲಿ ಉದ್ದನೆಯ ಹಿಡಿ. ಎಲ್ಲಿ ಎಷ್ಟು ತಡೆಯಬೇಕು ಎಂಬುದು ಅವನ ಕೈಗೇ ಗೊತ್ತು. ಮರ ಕಿರ್ರೆನ್ನುತ್ತಾ ಗಾಡಿ ಮೇಲೇರಿತು, ಒಂದು ತಿರುವಿನಲ್ಲಿ ಇಡೀ ಸಮುದ್ರ ಕಂಡಿತು, ಮರುಕ್ಷಣ ಅದು ನಮ್ಮ ತಲೆಯ ಮೇಲೆ ಬಂದ ಹಾಗಾಯಿತು. ನಾನು ಸಮುದ್ರ ನೋಡುವುದು ಬಿಟ್ಟು ಆ ಹುಡುಗನನ್ನು ನೋಡುತ್ತಿದ್ದೆ. ಪ್ರತಿ ತಿರುವಿಗೂ ಅರ್ಧ ಕ್ಷಣ ಮೊದಲೇ ಅವನ ಮೈ ಬಾಗುತ್ತಿತ್ತು. ನಾವೆಲ್ಲ ಅರ್ಧ ಕ್ಷಣ ತಡವಾಗಿ ಒಬ್ಬರ ಮೇಲೊಬ್ಬರು ಬೀಳುತ್ತಿದ್ದೆವು.

ಇಳಿದ ಮೇಲೆ ಹೆಂಡತಿ ಸೆರಗು ಸರಿಮಾಡಿಕೊಳ್ಳುತ್ತಾ, “ಇದೇನು ಮಹಾ, ನಮ್ಮ ಆಗುಂಬೆ ಘಾಟಿಯಲ್ಲಿ ಇದಕ್ಕಿಂತ ಜಾಸ್ತಿ ತಿರುವುಗಳಿವೆ” ಎಂದಳು. ಇರಬಹುದು. ಆದರೆ ನಲವತ್ತು ವರ್ಷ ಆ ಘಾಟಿಯಲ್ಲಿ ಓಡಾಡಿದ್ದೇವೆ, ಅಲ್ಲಿ ಅವಳು ಒಂದು ಸಲವೂ ಹಾಗೆ ಕಿರುಚಿದ್ದನ್ನು ನಾನು ಕೇಳಿಲ್ಲ.